"ಅಪ್ಪಂಗೆ ಹೇಳ್ಬೇಡಮ್ಮ": ಕುತ್ತಿಗೆ ನೋವಾಗಿ ಬಂದ ಆತಂಕದ ಒಂದು ಪ್ರಕರಣ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹೆಸರೂ ಹೇಳುವುದಿಲ್ಲ, "ಅವರು" ಅಂತಲೇ ಕರೆಯುತ್ತೇನೆ. ತೊಂದರೆ ಬೆಳೆದ ಬಗೆ, ದಾರಿಯಲ್ಲಿ ತೆಗೆದುಕೊಂಡ ತೀರ್ಮಾನಗಳು, ನಾನು ಮಾಡಿದ ಒಂದು ತಪ್ಪು, ಇವನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ.

ಫೈಲ್ ಹಿಡಿದು ಬಂದವರು

ಅವರಿಗೆ 44 ವರ್ಷ. ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನಲ್ಲಿರುವ ಮಗ. ಮೊದಲ ದಿನ ಕುರ್ಚಿಯಲ್ಲಿ ಕೂರುತ್ತಲೇ ಹೇಳಿದರು: "ಮೇಡಂ, ನನಗೆ ಮನಸ್ಸಿನ ತೊಂದರೆ ಏನಿಲ್ಲ. ಕುತ್ತಿಗೆ ನೋವು, ಹೊಟ್ಟೆ ಸರಿಯಿರಲ್ಲ, ನಿದ್ದೆ ಬರಲ್ಲ. ಡಾಕ್ಟ್ರು ಹೋಗಿ ಅಂದ್ರು, ಬಂದೆ."

ಕೈಯಲ್ಲಿ ದಪ್ಪನೆಯ ಫೈಲ್ ಇತ್ತು. ಎರಡು ವರ್ಷದ ವರದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದರು. ಕುತ್ತಿಗೆಯ ಎಕ್ಸ್‌ರೇ, ಮೂರು ಇಸಿಜಿ, ಎಕೋ, ಎಂಡೋಸ್ಕೋಪಿ, ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್. ಎಲ್ಲವೂ ನಾರ್ಮಲ್.

ಈ ಪರೀಕ್ಷೆಗಳು ದಂಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರು ಬರುತ್ತದೆ, ನಿದ್ದೆ ಹೋಗುತ್ತದೆ. ರಕ್ತಹೀನತೆ, ಹೃದಯದ ಲಯದ ತೊಂದರೆ, ಕೆಲವು ಔಷಧಿಗಳು, ಅತಿಯಾದ ಕಾಫಿ, ಇವೆಲ್ಲ ಆತಂಕದ ಥರವೇ ಕಾಣಬಹುದು. ಹೊಸದಾಗಿ ಎದೆನೋವು ಬಂದವರಿಗೆ ಯಾರೂ "ಟೆನ್ಷನ್ ಇರಬೇಕು ಬಿಡಿ" ಅನ್ನಬಾರದು. ಮೊದಲು ದೇಹವನ್ನು ನೋಡಲೇಬೇಕು.

ಇವರ ವಿಷಯದಲ್ಲಿ ತಪ್ಪಿದ್ದು ಆಮೇಲೆ. ವರದಿ ಸರಿಯಿದೆ ಅಂತ ಗೊತ್ತಾದ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳಲಿಲ್ಲ. "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂದು ಕಳಿಸಿದರು. ಅವರಿಗೆ ನಾಲ್ಕು ದಿನ ನಿರಾಳ. ಐದನೇ ದಿನ, "ಅವತ್ತು ಸರಿ ಇತ್ತು, ಇವತ್ತು ಇದೆಯಾ?" ಅಂತ ಶುರುವಾಗುತ್ತಿತ್ತು. ಮತ್ತೊಬ್ಬ ಡಾಕ್ಟರ್, ಮತ್ತೊಂದು ಪರೀಕ್ಷೆ.

ಕೊನೆಗೆ ಒಬ್ಬ ವೈದ್ಯರು ಫೈಲ್ ಪಕ್ಕಕ್ಕಿಟ್ಟು ಕೇಳಿದರಂತೆ: "ಕುತ್ತಿಗೆ ವಿಷ್ಯ ಬಿಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ತಲೆಯಲ್ಲಿ ಏನು ಓಡ್ತಾ ಇರುತ್ತೆ?" ಇವರು ಇಪ್ಪತ್ತು ನಿಮಿಷ ನಿಲ್ಲಿಸದೆ ಮಾತಾಡಿದರು. ಈ ಪ್ರಕರಣದ ಮೊದಲ ತಿರುವು ಆ ಒಂದು ಪ್ರಶ್ನೆ. ಆ ವೈದ್ಯರನ್ನು ನಾನು ಇವತ್ತಿಗೂ ಮನಸಾರೆ ನೆನೆಯುತ್ತೇನೆ.

ತಲೆಯಲ್ಲಿ ಓಡುತ್ತಿದ್ದುದು

ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ನಿನ್ನೆ ಕಳಿಸಿದ ಲೆಕ್ಕದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದ್ದರೆ? ಕೆಲಸ ಹೋದರೆ? ಕೆಲಸ ಹೋದರೆ ಮಗಳ ಓದು? ಮಗನ ಕೆಮ್ಮು ಮೂರು ದಿನವಾದರೂ ಹೋಗಿಲ್ಲ, ಬೇರೆ ಏನಾದರೂ ಇದ್ದರೆ? ಗ್ಯಾಸ್ ಆಫ್ ಮಾಡಿದೆವಾ? ಒಂದು ಯೋಚನೆಯ ಬಾಲ ಹಿಡಿದು ಇನ್ನೊಂದು. ನಡೆದುಹೋದದ್ದರ ಕೊರಗು ಇದರಲ್ಲಿ ಕಡಿಮೆ. ಎಲ್ಲವೂ "ಆದರೆ?", "ಆಗಿಬಿಟ್ಟರೆ?" ಅಂತ ಕೊನೆಯಾಗುತ್ತಿದ್ದವು. ಆತಂಕದ ಮಾತಿನಲ್ಲಿ ಈ "ರೆ" ತುಂಬ ಸಿಗುತ್ತದೆ. ಕಿವಿಗೊಟ್ಟು ಕೇಳಿದರೆ ನಿಮಗೂ ಕೇಳಿಸುತ್ತದೆ.

ಎರಡನೇ ಭೇಟಿಯಲ್ಲಿ ಒಂದು ದೃಶ್ಯ ಕಣ್ಣೆದುರೇ ನಡೆಯಿತು. ಕಚೇರಿಯಿಂದ ಮೆಸೇಜ್ ಬಂತು. "ಒಂದು ಮೇಲ್ ಕಳಿಸ್ಬೇಕು ಮೇಡಂ, ಎರಡೇ ನಿಮಿಷ" ಅಂದರು. "ಆಗಲಿ, ಇಲ್ಲೇ ಕಳಿಸಿ" ಅಂದೆ. ಮೂರು ಸಾಲಿನ ಮೇಲ್. ಬರೆದರು. ಓದಿದರು. "ದಯವಿಟ್ಟು" ಸೇರಿಸಿದರು, ತೆಗೆದರು, ಮತ್ತೆ ಸೇರಿಸಿದರು. ಲಗತ್ತಿಸಿದ ಫೈಲ್ ತೆರೆದು ನೋಡಿದರು, ಮುಚ್ಚಿದರು, ಇನ್ನೊಮ್ಮೆ ತೆರೆದರು. ಹೆಬ್ಬೆರಳು ಕಳಿಸುವ ಗುಂಡಿಯ ಮೇಲೆ ಹೋಗಿ ನಿಂತು ಹಿಂದೆ ಬರುತ್ತಿತ್ತು. ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿದ್ದವು. ಕೊನೆಗೆ ಕಳಿಸಿದರು. ತಕ್ಷಣ ಕಳಿಸಿದ ಮೇಲ್‌ಗಳ ಪಟ್ಟಿಗೆ ಹೋಗಿ ಅದನ್ನೇ ಮತ್ತೆ ಓದಿದರು. ಗಡಿಯಾರ ನೋಡಿದೆ. ಹದಿನೇಳು ನಿಮಿಷ ಆಗಿತ್ತು.

"ಕುತ್ತಿಗೆ ಈಗ ಹೇಗಿದೆ?" ಅಂತ ಕೇಳಿದೆ. ಅವರು ಕೈಯಿಂದ ಮುಟ್ಟಿ ನೋಡಿಕೊಂಡರು. "ಕಲ್ಲಾಗಿದೆ" ಅಂದರು. ಎರಡು ವರ್ಷದಿಂದ ಹುಡುಕುತ್ತಿದ್ದ ನೋವಿನ ಮೂಲ ಅಲ್ಲೇ ಇತ್ತು. ಅಪಾಯ ಇದೆ ಅಂತ ಮೆದುಳು ಸಂದೇಶ ಕೊಟ್ಟರೆ ದೇಹ ಅಡ್ರಿನಲಿನ್ ಸುರಿಸುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಸ್ನಾಯುಗಳು ಬಿಗಿಯಾಗುತ್ತವೆ, ಎದೆಬಡಿತ ಏರುತ್ತದೆ, ಹೊಟ್ಟೆ ತನ್ನ ಕೆಲಸವನ್ನು ನಿಧಾನ ಮಾಡುತ್ತದೆ. ಎದುರಿಗೆ ಇರುವುದು ಹುಲಿಯೋ ಮೂರು ಸಾಲಿನ ಮೇಲೋ ಅಂತ ದೇಹ ವಿಚಾರಿಸುವುದಿಲ್ಲ. ದಿನಕ್ಕೆ ನಲವತ್ತು ಸಲ ಹೀಗಾದರೆ ಕುತ್ತಿಗೆ ನೋಯದೆ ಇರುತ್ತದಾ?

ಇಷ್ಟರ ಜೊತೆಗೆ ಫೋನು. ಹೆಂಡತಿ ಮೂರನೇ ಭೇಟಿಗೆ ಜೊತೆಯಲ್ಲಿ ಬಂದಿದ್ದರು. ಮಾತಿಲ್ಲದೆ ತಮ್ಮ ಮೊಬೈಲ್ ನನ್ನ ಕೈಗಿಟ್ಟರು. ಒಂದೇ ಮಧ್ಯಾಹ್ನದಲ್ಲಿ ಗಂಡನಿಂದ ಹನ್ನೊಂದು ಕರೆ. ತಲುಪಿದ್ಯಾ, ಹೊರಟ್ಯಾ, ಮಗ ಬಂದ್ನಾ, ಮಗಳು ಫೋನ್ ಎತ್ತುತ್ತಿಲ್ಲ ಯಾಕೆ. "ಪ್ರೀತಿ ಅಂತ ಗೊತ್ತು ಮೇಡಂ, ಆದ್ರೆ ಉಸಿರು ಕಟ್ಟುತ್ತೆ" ಅಂದರು ಆಕೆ. ಇವರು ತಲೆ ತಗ್ಗಿಸಿ ಕೂತಿದ್ದರು.

ಕಾಳಜಿಯೋ, ಕಾಯಿಲೆಯೋ

ಇವರು ಚಿಕ್ಕಂದಿನಿಂದಲೂ ಜಾಗ್ರತೆಯ ಮನುಷ್ಯ. ಅವರ ತಾಯಿಯೂ ಹೀಗೇ ಇದ್ದರಂತೆ. ಆತಂಕದ ಸ್ವಭಾವ ಕೆಲವು ಕುಟುಂಬಗಳಲ್ಲಿ ಹರಿದು ಬರುತ್ತದೆ, ಅದು ನಿಜ. ಅವರು "ಇದೆಲ್ಲ ಯಾವ ಘಟನೆಯಿಂದ ಶುರುವಾಯ್ತು?" ಅಂತ ಪದೇ ಪದೇ ಕೇಳುತ್ತಿದ್ದರು. ಒಂದೇ ಘಟನೆ ಅಂತ ಇರಲಿಲ್ಲ. ಎರಡು ವರ್ಷದ ಹಿಂದೆ ಬಡ್ತಿ ಬಂತು, ದೊಡ್ಡ ಲೆಕ್ಕಗಳಿಗೆ ಸಹಿ ಹಾಕುವ ಜವಾಬ್ದಾರಿ ಬಂತು. ಅದೇ ವರ್ಷ ಮಗಳು ಒಬ್ಬಳೇ ಓಡಾಡಲು ಶುರುಮಾಡಿದಳು. ಮೊದಲೇ ತುಂಬಿದ್ದ ಕೊಡಕ್ಕೆ ಇನ್ನೆರಡು ಚೊಂಬು ಬಿತ್ತು, ಅಷ್ಟೇ.

ಹಾಗಾದರೆ ಎಲ್ಲಿಯವರೆಗೆ ಕಾಳಜಿ, ಎಲ್ಲಿಂದ ಕಾಯಿಲೆ? ಚಿಂತೆಯ ವಿಷಯ ನೋಡಿದರೆ ಉತ್ತರ ಸಿಗುವುದಿಲ್ಲ. ಮಕ್ಕಳು, ಕೆಲಸ, ಆರೋಗ್ಯ, ಎಲ್ಲರೂ ಚಿಂತೆ ಮಾಡುವುದು ಇವುಗಳ ಬಗ್ಗೆಯೇ ಅಲ್ವಾ? ಆದ್ದರಿಂದ ನಾನು ಬೇರೆ ಕಡೆ ನೋಡಿದೆ. ಚಿಂತೆ ಒಂದೇ ವಿಷಯಕ್ಕೆ ನಿಂತಿದೆಯೋ, ವಿಷಯ ಬಗೆಹರಿದರೂ ಇನ್ನೊಂದಕ್ಕೆ ಹಾರುತ್ತದೋ? ಬೇಡ ಅಂದರೆ ನಿಲ್ಲುತ್ತದೋ? ಎಷ್ಟು ಕಾಲದಿಂದ ಇದೆ? ಬದುಕಿನಿಂದ ಏನನ್ನು ಕಿತ್ತುಕೊಂಡಿದೆ?

ಇವರ ಚಿಂತೆ ವಿಷಯದಿಂದ ವಿಷಯಕ್ಕೆ ಹಾರುತ್ತಿತ್ತು. ನಿಲ್ಲಿಸಲು ಹೋದರೆ ಇನ್ನೂ ಜಾಸ್ತಿ ಆಗುತ್ತಿತ್ತು. ಎರಡು ವರ್ಷದಿಂದ ಹೆಚ್ಚುಕಡಿಮೆ ದಿನವೂ ಇತ್ತು. ಅಮೆರಿಕದ ಮನೋವೈದ್ಯರ ಸಂಘದ ಡಿಎಸ್ಎಂ ಕೈಪಿಡಿ ಕೇಳುವುದು ಕನಿಷ್ಠ 6 ತಿಂಗಳು. ಅದರ ಜೊತೆ ಆರು ಲಕ್ಷಣಗಳಲ್ಲಿ ಮೂರಾದರೂ ಇರಬೇಕು ಅನ್ನುತ್ತದೆ: ಒಂದು ಕಡೆ ನೆಮ್ಮದಿಯಾಗಿ ಕೂರಲಾಗದಿರುವುದು, ಬೇಗ ಸುಸ್ತು, ಗಮನ ನಿಲ್ಲದಿರುವುದು, ಸಿಡಿಮಿಡಿ, ಸ್ನಾಯು ಬಿಗಿತ, ನಿದ್ದೆಯ ತೊಂದರೆ. ಇವರಲ್ಲಿ ಆರೂ ಇದ್ದವು. ಇದಕ್ಕೆ ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಅಂತ ಹೆಸರು. 1980ಕ್ಕೆ ಮುಂಚೆ ಇದನ್ನೂ ಪ್ಯಾನಿಕ್ ತೊಂದರೆಯನ್ನೂ ಒಟ್ಟಿಗೆ "ಆಂಗ್ಸೈಟಿ ನ್ಯೂರೋಸಿಸ್" ಅನ್ನುತ್ತಿದ್ದರು. ಆ ವರ್ಷ ಬಂದ ಡಿಎಸ್ಎಂನ ಮೂರನೇ ಆವೃತ್ತಿ ಎರಡನ್ನೂ ಬೇರೆ ಮಾಡಿತು.

ಬೇರೆ ಮಾಡಿದ್ದು ನಮಗೆ ಕೆಲಸಕ್ಕೆ ಬಂತು. ಯಾಕೆಂದರೆ ಇವರಿಗೆ ಒಂದು ರಾತ್ರಿ ಎದೆ ಹೊಡೆದುಕೊಂಡು, ಬೆರಳು ಜುಮ್ಮೆಂದು, "ಸತ್ತೇ ಹೋಗ್ತೀನಿ" ಅನ್ನಿಸಿ ತುರ್ತು ಚಿಕಿತ್ಸೆಗೆ ಓಡಿದ್ದರು. ಅದು ಪ್ಯಾನಿಕ್ ಅಟ್ಯಾಕ್. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮುಗುಡುತ್ತದೆ, ಅದನ್ನು ಕಂಡು ಭಯ ಇನ್ನೂ ಏರುತ್ತದೆ. ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಆದರೆ ಒಂದು ಸಲ ಪ್ಯಾನಿಕ್ ಬಂದ ಮಾತ್ರಕ್ಕೆ ಪ್ಯಾನಿಕ್ ಡಿಸಾರ್ಡರ್ ಅಲ್ಲ. ಹೇಳದೆ ಕೇಳದೆ ಮತ್ತೆ ಮತ್ತೆ ಬರಬೇಕು, "ಇನ್ನೊಂದು ಬಂದ್ರೆ?" ಅನ್ನುವ ಹೆದರಿಕೆಯೋ ಅದಕ್ಕಾಗಿ ಬದುಕು ಬದಲಿಸಿಕೊಳ್ಳುವುದೋ ಒಂದು ತಿಂಗಳಾದರೂ ಇರಬೇಕು. ಇವರಿಗೆ ಆ ಒಂದೇ ಸಲ.

ಮೇಲ್ ಮತ್ತೆ ಮತ್ತೆ ನೋಡುವುದನ್ನು ಕಂಡು ಇದು ಓಸಿಡಿ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸವನ್ನು ಪದೇ ಪದೇ ಮಾಡಿಸುವ ಕಾಯಿಲೆ, ಇರಬಹುದಾ ಅಂತಲೂ ಯೋಚಿಸಿದೆ. ಓಸಿಡಿಯಲ್ಲಿ ಯೋಚನೆ ಹೊರಗಿನಿಂದ ನುಗ್ಗಿದ ಹಾಗೆ ಬರುತ್ತದೆ, ಎಷ್ಟೋ ಸಲ ಆ ವ್ಯಕ್ತಿಗೇ ಅಸಂಬದ್ಧ ಅನ್ನಿಸುತ್ತದೆ. ಇವರ ಚಿಂತೆಗಳು ನಿತ್ಯದ ಬದುಕಿನವು, "ಜವಾಬ್ದಾರಿ ಇರೋನು ಹೀಗೇ ಯೋಚಿಸ್ಬೇಕಲ್ವಾ?" ಅಂತ ಸಮರ್ಥಿಸಿಕೊಳ್ಳುವಂಥವು. ಖಿನ್ನತೆ ಇದೆಯಾ ನೋಡಿದೆ. ಬೇಸರ ಇತ್ತು, ಆದರೆ ಮಗನ ಜೊತೆ ಆಟ, ಹಳೆಯ ಹಾಡು, ಇವುಗಳ ಖುಷಿ ಹೋಗಿರಲಿಲ್ಲ. ಕುಡಿತ ಇಲ್ಲ. ಕಾಫಿ ದಿನಕ್ಕೆ ಆರೇಳು ಲೋಟ.

"ಸಾಯಬೇಕು ಅನ್ನೋ ಯೋಚನೆ ಯಾವತ್ತಾದ್ರೂ ಬಂದಿದೆಯಾ?" ಅಂತ ನೇರವಾಗಿ ಕೇಳಿದೆ. ಬಂದಿಲ್ಲ ಅಂದರು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಭಯ ಅನೇಕರಿಗಿದೆ. ಹಾಗಾಗುವುದಿಲ್ಲ. ಇವರಂತೂ ಕೇಳಿದ್ದಕ್ಕೆ ನಿರಾಳವಾದರು.

ಜಿಎಡಿ-7 ಅನ್ನುವ ಏಳು ಪ್ರಶ್ನೆಗಳ ಪಟ್ಟಿ ತುಂಬಿಸಿದೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. ಅಂಕ 0ಯಿಂದ 21. 10 ಅಥವಾ ಹೆಚ್ಚು ಬಂದರೆ ಸರಿಯಾಗಿ ವಿಚಾರಿಸಬೇಕು, 15 ಅಥವಾ ಹೆಚ್ಚು ಬಂದರೆ ತೀವ್ರ. ಇವರದು 16. ಈ ಅಂಕವೇ ರೋಗನಿರ್ಣಯ ಅಲ್ಲ. ಜ್ವರದ ಕಡ್ಡಿ ಜ್ವರ ಇದೆ ಅಂತ ಹೇಳುತ್ತದೆ, ಯಾಕೆ ಬಂತು ಅಂತ ಹೇಳುವುದಿಲ್ಲ. ಅವರನ್ನು ಒಬ್ಬ ಮನೋವೈದ್ಯರ ಬಳಿಗೂ ಕಳಿಸಿದೆ, ಅವರೂ ಅದೇ ತೀರ್ಮಾನಕ್ಕೆ ಬಂದರು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 30 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಆತಂಕದ ಕಾಯಿಲೆ ಇತ್ತು. ಚಿಕಿತ್ಸೆ ಸಿಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಾಗಾದ್ರೆ ಇದಕ್ಕೊಂದು ಹೆಸರಿದೆ." ಫೈಲ್‌ನಲ್ಲಿ ಇಲ್ಲದೆ ಇದ್ದದ್ದು ಅದೇ.

ಮೊದಲ ಪ್ರಯತ್ನ, ನನ್ನ ತಪ್ಪು

ನಾನು ಎಲ್ಲರೂ ಮಾಡುವ ಹಾಗೆ ಶುರುಮಾಡಿದೆ. ನಿಧಾನವಾಗಿ ಉಸಿರಾಡುವುದು, ಸ್ನಾಯು ಸಡಿಲಿಸುವುದು, ಮಲಗುವ ಹೊತ್ತು, ಕಾಫಿ ಎರಡು ಲೋಟಕ್ಕೆ ಇಳಿಸುವುದು. ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ವಾರ ಅವರು ಒಂದು ಹಾಳೆ ತಂದರು. ಎಷ್ಟು ಹೊತ್ತಿಗೆ ಎಷ್ಟು ಉಸಿರು, ನಾಡಿ ಎಷ್ಟಿತ್ತು, ಎಷ್ಟು ಇಳಿಯಿತು, ಗಂಟೆಗೊಂದು ನಮೂದು. ನಾಡಿ ಇಳಿಯದಿದ್ದರೆ "ನಾನು ಸರಿಯಾಗಿ ಮಾಡ್ತಿಲ್ವಾ?" ಅಂತ ಹೊಸ ಚಿಂತೆ. ಆತಂಕ ಕಡಿಮೆಯಾಗಲಿ ಅಂತ ಕೊಟ್ಟ ಅಭ್ಯಾಸವೇ ಇನ್ನೊಂದು ಚೆಕ್ ಮಾಡುವ ಕೆಲಸವಾಗಿತ್ತು.

ಅದಕ್ಕಿಂತ ದೊಡ್ಡ ತಪ್ಪು ನನಗೆ ಕಂಡಿದ್ದು ನನ್ನ ಟಿಪ್ಪಣಿಗಳನ್ನು ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಕೂತು ಓದಿದಾಗ. ನಾಲ್ಕನೇ ಭೇಟಿಯ ಟಿಪ್ಪಣಿಯಲ್ಲಿ ಒಂದೇ ಪ್ರಶ್ನೆ ಏಳು ಸಲ ಇತ್ತು. "ಇದು ಹುಚ್ಚಿಗೆ ತಿರುಗಲ್ಲ ಅಲ್ವಾ ಮೇಡಂ?" "ಹೃದಯಕ್ಕೆ ತೊಂದರೆ ಇಲ್ಲ ತಾನೆ?" "ವಾಸಿ ಆಗುತ್ತಲ್ವಾ?" ಮಾತು ಬೇರೆ ಬೇರೆ, ಪ್ರಶ್ನೆ ಒಂದೇ. ಏಳು ಸಲವೂ ನಾನು ಪ್ರೀತಿಯಿಂದ "ಇಲ್ಲ, ಏನೂ ಆಗಲ್ಲ" ಅಂದಿದ್ದೆ. ಅವರ ಹೆಂಡತಿ ಫೋನಿನಲ್ಲಿ ಮಾಡುತ್ತಿದ್ದುದನ್ನು, ಡಾಕ್ಟರುಗಳು ವರದಿ ಕೊಟ್ಟು ಮಾಡುತ್ತಿದ್ದುದನ್ನು ನಾನು ಕುರ್ಚಿಯಲ್ಲಿ ಕೂತು ಮಾಡಿದ್ದೆ.

ಒಮ್ಮೆ ಸರಿಯಾದ ಮಾಹಿತಿ ಕೊಡುವುದು ಬೇಕು. ಅದನ್ನೇ ಎರಡನೇ, ಮೂರನೇ ಸಲ ಕೇಳಿದಾಗ ಅವರಿಗೆ ಬೇಕಾಗಿರುವುದು ಮಾಹಿತಿ ಅಲ್ಲ, ಆ ಕ್ಷಣದ ಸಂಕಟ ಇಳಿಯಬೇಕು, ಅಷ್ಟೇ. "ಏನೂ ಆಗಲ್ಲ" ಅನ್ನಿಸಿಕೊಂಡ ತಕ್ಷಣ ಇಳಿಯುತ್ತದೆ. ಆಗ ಮೆದುಳು ಕಲಿಯುವ ಪಾಠ ಏನು? "ಕೇಳಿದ್ದರಿಂದ ಬಚಾವಾದೆ." ಕೇಳದೆ ಇದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಆವತ್ತಿನಿಂದ ಈ ಪ್ರಕರಣವನ್ನು ನಾನು ನೋಡುವ ರೀತಿ ಬದಲಾಯಿತು. ಅವರು ಯಾವುದಕ್ಕೆ ಹೆದರುತ್ತಾರೆ ಅನ್ನುವ ಪಟ್ಟಿ ಬಿಟ್ಟು, ಹೆದರಿಕೆ ಕಳೆಯಲು ಏನೇನು ಮಾಡುತ್ತಾರೆ ಅನ್ನುವ ಪಟ್ಟಿ ಬರೆದೆವು. ಮೇಲ್ ಓದುವುದು, ಫೋನ್ ಮಾಡುವುದು, ಲಕ್ಷಣಗಳನ್ನು ಗೂಗಲ್ ಮಾಡುವುದು, ನಾಡಿ ಹಿಡಿಯುವುದು, ತೀರ್ಮಾನ ಮುಂದೂಡುವುದು, ಬೇರೆಯವರನ್ನು ಕೇಳುವುದು.

ಪಟ್ಟಿಯ ಕೊನೆಗೆ ಅವರು ಅಂಗಿಯ ಜೇಬಿನಿಂದ ಒಂದು ಮಾತ್ರೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಯಾರೋ ಗೆಳೆಯ ಕೊಟ್ಟ ನಿದ್ದೆ ಬರಿಸುವ, ಆತಂಕ ತಗ್ಗಿಸುವ ಮಾತ್ರೆ. ಹತ್ತೂ ಹಾಗೇ ಇದ್ದವು. ಎಂಟು ತಿಂಗಳು ಜೇಬಿನಲ್ಲಿ ಉಜ್ಜಿ ಉಜ್ಜಿ ಹಿಂದಿನ ಅಕ್ಷರಗಳು ಅಳಿಸಿಹೋಗಿದ್ದವು, ಮೂಲೆಗಳು ಮೆತ್ತಗಾಗಿದ್ದವು. "ನುಂಗಲ್ಲ ಮೇಡಂ. ಇದೆ ಅಂತ ಗೊತ್ತಿದ್ರೆ ಸಾಕು." ಆ ಗುಂಪಿನ ಮಾತ್ರೆಗಳು ದಿನವೂ ನುಂಗಿದರೆ ಅಭ್ಯಾಸ ಹಿಡಿಸುತ್ತವೆ, ಹಾಗೆ ಅಭ್ಯಾಸವಾದವರು ಏಕಾಏಕಿ ಬಿಡುವುದೂ ಅಪಾಯ. ಇವರು ಒಂದೂ ನುಂಗಿರಲಿಲ್ಲ, ಅದು ಒಳ್ಳೆಯದು. ಎಸೆಯಿರಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಮೊದಲು ಒಂದು ಮಧ್ಯಾಹ್ನ ಮಾತ್ರ ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟು ಹೊರಗೆ ಹೋಗಿ ಬನ್ನಿ ಅಂದೆ.

ಔಷಧಿ ನಿಂತುಹೋದದ್ದು

ಮನೋವೈದ್ಯರು ಎಸ್ಎಸ್ಆರ್ಐ ಗುಂಪಿನ, ಅಂದರೆ ಮೆದುಳಿನ ಸೆರೊಟೋನಿನ್ ಅನ್ನುವ ರಾಸಾಯನಿಕದ ಮೇಲೆ ಕೆಲಸ ಮಾಡುವ, ಮಾತ್ರೆ ಶುರುಮಾಡಿದ್ದರು. ಆತಂಕದ ಕಾಯಿಲೆಗೆ ಮೊದಲು ಕೊಡುವುದು ಸಾಮಾನ್ಯವಾಗಿ ಇದನ್ನೇ. ಅಭ್ಯಾಸ ಹಿಡಿಸುವ ಮಾತ್ರೆ ಅಲ್ಲ, ಆದರೆ ಪರಿಣಾಮ ಕಾಣಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಕೆಲವರಿಗೆ ಗಾಬರಿ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಇವರಿಗೂ ಆಯಿತು. ಐದನೇ ದಿನ ಯಾರಿಗೂ ಹೇಳದೆ ನಿಲ್ಲಿಸಿದರು. ಅಡ್ಡಪರಿಣಾಮಗಳ ಪಟ್ಟಿಯನ್ನು ರಾತ್ರಿ ಎರಡು ಗಂಟೆಯವರೆಗೆ ಓದಿದ್ದರು.

ಇದನ್ನು ಹೇಳಿಕೊಳ್ಳಲು ಅವರಿಗೆ ಎರಡು ವಾರ ಬೇಕಾಯಿತು. ಬೈಯುತ್ತೇನೆ ಅಂದುಕೊಂಡಿದ್ದರು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮನೋವೈದ್ಯರು ಅರ್ಧ ಪ್ರಮಾಣದಿಂದ ಮತ್ತೆ ಶುರುಮಾಡಿದರು. ಈ ಸಲ "ಮೊದಲ ವಾರ ಹೊಟ್ಟೆ ತೊಳಸಬಹುದು, ಗಾಬರಿ ಏರಬಹುದು, ಆಮೇಲೆ ಇಳಿಯುತ್ತದೆ, ತಡೆಯಲಾಗದಿದ್ದರೆ ನಿಲ್ಲಿಸುವ ಮೊದಲು ಫೋನ್ ಮಾಡಿ" ಅಂತ ಮುಂಚೆಯೇ ಹೇಳಿದರು. ಅದೇ ಮಾತ್ರೆ, ಅದೇ ಅಡ್ಡಪರಿಣಾಮ. ಮುಂಚೆ ಗೊತ್ತಿದ್ದುದರಿಂದ ಅವರು ನಿಭಾಯಿಸಿದರು.

ಪಕ್ಕದ ಕೋಣೆಯಿಂದ ಕೇಳಿದ ಮಾತು

ಇಷ್ಟಾದರೂ ಅವರ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಚಿಂತೆ ಮಾಡುವುದರಿಂದಲೇ ಮನೆ ಸುರಕ್ಷಿತವಾಗಿದೆ ಅನ್ನುವ ನಂಬಿಕೆ ಒಳಗೆ ಗಟ್ಟಿಯಾಗಿತ್ತು. ಅದನ್ನು ಅಲುಗಿಸಿದ್ದು ನಾನಲ್ಲ.

ಒಂದು ಸಂಜೆ ಮಗಳ ಬಸ್ಸು ಕೆಟ್ಟು ನಿಂತಿತು. ಅವಳು ಅಮ್ಮನಿಗೆ ಫೋನ್ ಮಾಡಿದಳು. ಅಡುಗೆಮನೆಯಲ್ಲಿದ್ದ ತಾಯಿ ಸ್ಪೀಕರ್ ಹಾಕಿದ್ದರು. ಪಕ್ಕದ ಕೋಣೆಯಲ್ಲಿದ್ದ ಇವರಿಗೆ ಕೇಳಿಸಿತು: "ಒಂದು ಗಂಟೆ ಲೇಟ್ ಆಗುತ್ತೆ. ಅಪ್ಪಂಗೆ ಹೇಳ್ಬೇಡಮ್ಮ. ಆಮೇಲೆ ಅವರನ್ನ ಸಮಾಧಾನ ಮಾಡ್ತಾ ಕೂರ್ಬೇಕು."

ಮುಂದಿನ ಭೇಟಿಯಲ್ಲಿ ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. "ಅವಳನ್ನ ಕಾಯ್ತಾ ಇದೀನಿ ಅಂದ್ಕೊಂಡಿದ್ದೆ ಮೇಡಂ. ಕಷ್ಟ ಬಂದಾಗ ಅವಳು ನನ್ನ ಬಿಟ್ಟು ಬೇರೆಯವರನ್ನ ಕರೀತಾಳೆ." ನಾನು ಸಮಾಧಾನದ ಮಾತು ಹೇಳಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಅವರೇ ಕೇಳಿದರು, "ಪಟ್ಟಿಯಲ್ಲಿ ಯಾವುದರಿಂದ ಶುರು ಮಾಡೋಣ?"

ಕೆಲಸ ನಡೆದ ಬಗೆ

ಮೇಲ್‌ನಿಂದ ಶುರುಮಾಡಿದೆವು. ಒಂದೇ ಸಲ ಓದಿ ಕಳಿಸುವುದು, ಕಳಿಸಿದ ಮೇಲ್ ತೆರೆಯದಿರುವುದು. ಮೊದಲ ದಿನ ಮೂರು ಮೇಲ್ ಹಾಗೆ ಕಳಿಸಿದರು, ಬೆವತುಹೋದರು. ಎರಡನೇ ವಾರ ಇನ್ನೊಂದು ಹೆಜ್ಜೆ: ಸಹೋದ್ಯೋಗಿಯೊಬ್ಬರಿಗೆ ಬೇಕಂತಲೇ ಒಂದು ಕಾಗುಣಿತ ತಪ್ಪು ಬಿಟ್ಟು ಕಳಿಸುವುದು. "ಏನಾಗುತ್ತೆ ಅಂತ ಅಂದ್ಕೊಂಡಿದ್ದೀರಿ?" ಅಂತ ಮೊದಲು ಬರೆಸಿದೆ. "ನನ್ನ ಬಗ್ಗೆ ಇದ್ದ ನಂಬಿಕೆ ಹೋಗುತ್ತೆ" ಅಂತ ಬರೆದರು. ಬಂದ ಉತ್ತರ: "ಓಕೆ ಸರ್." ಅಷ್ಟೇ.

ಈ ಎರಡು ಅಂಕಣದ ಲೆಕ್ಕ ಅವರಿಗೆ ಹಿಡಿಸಿತು. ಲೆಕ್ಕದ ಮನುಷ್ಯ ಅಲ್ವಾ! ಎಡಗಡೆ ಚಿಂತೆ, ಬಲಗಡೆ ನಿಜವಾಗಿ ಆದದ್ದು. ಮೂರು ವಾರದಲ್ಲಿ 61 ಚಿಂತೆ ಬರೆದಿದ್ದರು. 55 ನಡೆಯಲೇ ಇಲ್ಲ. ನಡೆದ ಆರರಲ್ಲಿ ನಾಲ್ಕು ಅವರು ಊಹಿಸಿದ್ದಕ್ಕಿಂತ ಸುಲಭವಾಗಿ ಮುಗಿದವು. 2020ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲೂ ಇದೇ ಕಾಯಿಲೆ ಇರುವವರ ಚಿಂತೆಗಳಲ್ಲಿ ನೂರಕ್ಕೆ 91ರಷ್ಟು ನಿಜವಾಗಿರಲಿಲ್ಲ. ಆದರೆ ಅವರಿಗೆ ನಾಟಿದ್ದು ಆ ಅಧ್ಯಯನ ಅಲ್ಲ, ತಮ್ಮದೇ ಕೈಬರಹ.

ಚಿಂತೆಗೆ ಒಂದು ಹೊತ್ತು ಇಟ್ಟೆವು. ಸಂಜೆ ಆರಕ್ಕೆ, ಒಂದೇ ಕುರ್ಚಿಯಲ್ಲಿ, ಅರ್ಧ ಗಂಟೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಪರೀಕ್ಷಿಸಿದ ವಿಧಾನ ಇದು. ಬೆಳಿಗ್ಗೆ ಬಂದ ಚಿಂತೆಗೆ "ಬೇಡ ಹೋಗು" ಅನ್ನುವುದಿಲ್ಲ, "ಆರಕ್ಕೆ ಬಾ" ಅನ್ನುತ್ತೀರಿ. ಆರಕ್ಕೆ ಕೂತಾಗ ಅರ್ಧ ಚಿಂತೆಗಳು ಬರಲೇ ಇಲ್ಲ ಅಂತ ಅವರು ಆಶ್ಚರ್ಯಪಟ್ಟರು.

ಫೋನಿನ ವಿಷಯದಲ್ಲಿ ಮಾತ್ರ ಎಡವಿದೆವು. ಇನ್ನು ಉತ್ತರ ಕೊಡಬೇಡಿ ಅಂತ ಹೆಂಡತಿಗೆ ಹೇಳಿದೆ. ಆಕೆ ಒಂದೇ ದಿನದಲ್ಲಿ ಪೂರ್ತಿ ನಿಲ್ಲಿಸಿಬಿಟ್ಟರು. ಇವರು ಸಿಟ್ಟಾದರು, ಮಾತು ಬಿಟ್ಟರು, ಮಗ ಗುಟ್ಟಾಗಿ ಅಪ್ಪನಿಗೆ ಮೆಸೇಜ್ ಮಾಡತೊಡಗಿದ. ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡದೆ ನಿಯಮ ಹಾಕಿದ್ದು ತಪ್ಪಾಗಿತ್ತು. ನಾಲ್ವರನ್ನೂ ಕೂರಿಸಿದೆ. ದಿನಕ್ಕೆ ಎರಡು ಕರೆ, ಒಂದು ವಾರ. ಆಮೇಲೆ ಒಂದು. ಮತ್ತೆ ಕೇಳಿದರೆ ಎಲ್ಲರೂ ಹೇಳಬೇಕಾದ ಮಾತು ಒಂದೇ, ಅದನ್ನೂ ಹೆಂಡತಿಯೇ ಹುಡುಕಿದ್ದು: "ಉತ್ತರ ನಿಮಗೇ ಗೊತ್ತಲ್ವಾ ರೀ." ಅದರಲ್ಲಿ ಬೇಸರ ಇರಲಿಲ್ಲ, ಸುಳ್ಳು ಭರವಸೆಯೂ ಇರಲಿಲ್ಲ.

ಹತ್ತನೇ ಭೇಟಿಯ ಹೊತ್ತಿಗೆ ಮಗಳು ಗೆಳತಿಯರ ಜೊತೆ ಒಂದು ದಿನದ ಪ್ರವಾಸ ಹೋದಳು. ಮಧ್ಯಾಹ್ನ ಅವಳ ಫೋನ್ ಸ್ವಿಚ್ ಆಫ್. ಇವರು ಗೆಳತಿಯರಿಗೆ ಫೋನ್ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು ಪುಸ್ತಕದಲ್ಲಿ ಅರ್ಧ ಗಂಟೆಗೊಮ್ಮೆ ನೂರಕ್ಕೆ ಎಷ್ಟು ಭಯ ಅಂತ ಬರೆದರು. 80. 90. 90. 70. 60. 35. ನನಗೆ ಆ ಪುಟ ತೋರಿಸಿ 70ರ ಮೇಲೆ ಬೆರಳಿಟ್ಟರು. "ಇಲ್ಲಿ ನಾನು ಏನೂ ಮಾಡ್ಲಿಲ್ಲ ಮೇಡಂ. ಅವಳ ಸುದ್ದೀನೂ ಬಂದಿರ್ಲಿಲ್ಲ. ತಾನಾಗೇ ಇಳೀತು." ನಾನು ಹತ್ತು ಸಲ ವಿವರಿಸಿದ್ದರೂ ಬಾರದ ತಿಳಿವಳಿಕೆ ಆ ಮೂರು ಗಂಟೆಯಲ್ಲಿ ಬಂದಿತ್ತು. ನಾಡಿ ಬರೆಯುತ್ತಿದ್ದ ಆ ಹಳೆಯ ಹಾಳೆಯ ಥರವೇ ಇದು ಅಂತ ಅನ್ನಿಸಬಹುದು. ಅಲ್ಲಿ ಭಯ ಇಳಿಸಲು ಬರೆದಿದ್ದರು, ಇಲ್ಲಿ ಅದನ್ನು ಅದರ ಪಾಡಿಗೆ ಬಿಟ್ಟು ನೋಡುತ್ತಿದ್ದರು.

ಏನಾಯಿತು

ಐದು ತಿಂಗಳಲ್ಲಿ ಹದಿನಾರು ಭೇಟಿ. ಕೊನೆಯಲ್ಲಿ ಜಿಎಡಿ-7 ಅಂಕ 6. ಕುತ್ತಿಗೆ ನೋವು ಪೂರ್ತಿ ಹೋಗಿಲ್ಲ, ಆದರೆ ಅದಕ್ಕಾಗಿ ಡಾಕ್ಟರ ಬಳಿ ಹೋಗುವುದು ನಿಂತಿದೆ. ಮಾತ್ರೆಯನ್ನು ಒಂದು ವರ್ಷಕ್ಕೂ ಹೆಚ್ಚು ಮುಂದುವರಿಸಿ, ಮನೋವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಿದರು. ಮಧ್ಯೆ, ಒಂಬತ್ತನೇ ತಿಂಗಳಲ್ಲಿ, ಆಡಿಟ್ ಹೊತ್ತಿಗೆ ಹಳೆಯ ಚಾಳಿ ಮರಳಿತು. ಮೇಲ್ ಓದುವುದು ನಾಲ್ಕು ಸಲಕ್ಕೆ ಏರಿತ್ತು. ಎರಡು ಸಲ ಬಂದು ಹೋದರು, ಎರಡು ಅಂಕಣದ ಪುಸ್ತಕ ಮತ್ತೆ ತೆರೆದರು. ಆ ಆಡಿಟ್‌ನಲ್ಲಿ ಅವರು ನಿಜವಾಗಿಯೂ ಒಂದು ತಪ್ಪು ಮಾಡಿದ್ದರು, ಒಂದು ಮೊತ್ತ ಎರಡು ಕಡೆ ಸೇರಿತ್ತು. ವರ್ಷಗಟ್ಟಲೆ ಹೆದರಿದ್ದ ಆ ಕ್ಷಣ ಬಂದೇ ಬಂತು. ಮೇಲಧಿಕಾರಿಗೆ ತಾವೇ ಹೇಳಿದರು, ತಿದ್ದಿದರು, ಮನೆಗೆ ಹೋಗಿ ಮಲಗಿದರು. ಆವತ್ತು ನಿದ್ದೆ ಬಂತಂತೆ.

ಮಾತ್ರೆ ಪಟ್ಟಿ ಡ್ರಾಯರಿನಲ್ಲೇ ತಿಂಗಳುಗಟ್ಟಲೆ ಇತ್ತು. ಒಂದು ದಿನ ಔಷಧಿ ಅಂಗಡಿಗೆ ವಾಪಸ್ ಕೊಟ್ಟು ಬಂದರು. ನನಗೆ ಹೇಳಿದ್ದು ಎಷ್ಟೋ ದಿನ ಬಿಟ್ಟು, ಬೇರೆ ಯಾವುದೋ ಮಾತಿನ ಮಧ್ಯೆ.

ನಾನು ಈಗ ಮೊದಲೇ ಕೇಳುವುದು

ಈ ಪ್ರಕರಣದ ನಂತರ ನನ್ನ ಮೊದಲ ಭೇಟಿಯ ಪ್ರಶ್ನೆಗಳು ಬದಲಾಗಿವೆ. "ನಿಮಗೆ ಯಾವುದಕ್ಕೆ ಭಯ?" ಅಂತ ಕೇಳಿದರೆ ಎಷ್ಟೋ ಜನ, ಅದರಲ್ಲೂ ಗಂಡಸರು, "ಯಾವುದಕ್ಕೂ ಇಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅದನ್ನು ಭಯ ಅಂತ ಅವರು ಕರೆಯುವುದೇ ಇಲ್ಲ, ಜವಾಬ್ದಾರಿ ಅನ್ನುತ್ತಾರೆ. ಅದಕ್ಕೆ ಹೀಗೆ ಕೇಳುತ್ತೇನೆ: ಯಾವುದನ್ನು ಎಷ್ಟು ಸಲ ನೋಡಿ ಖಚಿತ ಮಾಡಿಕೊಳ್ತೀರಿ? ಯಾರನ್ನು ಒಂದೇ ವಿಷಯ ಮತ್ತೆ ಮತ್ತೆ ಕೇಳ್ತೀರಿ? ಜೇಬಿನಲ್ಲಿ, ಬ್ಯಾಗಿನಲ್ಲಿ ಏನಿಲ್ಲದಿದ್ದರೆ ಹೊರಗೆ ಹೋಗಲ್ಲ? ವರದಿ ನಾರ್ಮಲ್ ಬಂದರೆ ಆ ಸಮಾಧಾನ ಎಷ್ಟು ದಿನ ಇರುತ್ತೆ?

ಇನ್ನೊಂದು ಪ್ರಶ್ನೆಯನ್ನು, ಅವರ ಒಪ್ಪಿಗೆ ಇದ್ದರೆ, ಜೊತೆಗೆ ಬಂದವರಿಗೆ ಕೇಳುತ್ತೇನೆ: "ಇವರಿಗೆ ಗಾಬರಿ ಆಗುತ್ತೆ ಅಂತ ನೀವು ಏನೇನು ಹೇಳೋದನ್ನ ಬಿಟ್ಟಿದ್ದೀರಿ?" ಎಷ್ಟೋ ಸಲ ಉತ್ತರ ಬರುವ ಮೊದಲು ಅವರು ಪಕ್ಕದಲ್ಲಿ ಕೂತವರ ಮುಖ ನೋಡುತ್ತಾರೆ. ಆ ನೋಟ ಏಳು ಪ್ರಶ್ನೆಯ ಪಟ್ಟಿಗಿಂತ ಬೇಗ ದಾರಿ ತೋರಿಸಿದ್ದುಂಟು.

ಹೋದ ತಿಂಗಳು ಅವರ ಫೋನ್ ಬಂದಿತ್ತು, ಚಿಕಿತ್ಸೆಗಲ್ಲ. ಮಗಳು ಸಂಜೆ ಎಲ್ಲೋ ಪರ್ಸ್ ಕಳೆದುಕೊಂಡು ಮೊದಲು ಅಪ್ಪನಿಗೇ ಕರೆ ಮಾಡಿದ್ದಳಂತೆ. "ಏನಂದ್ರಿ?" ಅಂತ ಕೇಳಿದೆ. "ಎಲ್ಲಿದೀಯಾ, ಅಲ್ಲೇ ಇರು, ಬರ್ತೀನಿ ಅಂದೆ. ದಾರಿಯುದ್ದಕ್ಕೂ ಎದೆ ಹೊಡ್ಕೊಳ್ತಾನೇ ಇತ್ತು ಮೇಡಂ. ಹೊಡ್ಕೊಳ್ಳಿ ಅಂತ ಗಾಡಿ ಓಡಿಸ್ದೆ."